ಚೌಕಟ್ಟಿನ ಆಚೆಯ ಹುಲ್ಲು

ದೀಪ ಸ್ವಲ್ಪ ಸಣ್ಣ ಮಾಡು... ಹ್ಞಾಂ, ಸಾಕು. ಇದು ಯಾರೋ ಹೇಳಿದ್ದನ್ನ ಕೇಳಿ ಹೇಳ್ತಿರೋದಲ್ಲ. ನನ್ನ ಚಿಕ್ಕಪ್ಪನ ಮಗನಿಗೇ ಆಗಿದ್ದು. ನಗೋರು ಈಗಲೇ ನಕ್ಕುಬಿಡಿ.

ಅವನು ಮದುವೆ ಫೋಟೋ ತೆಗೆಯೋನು. ಅವತ್ತು ಒಂದು ಮದುವೆ ಮುಗಿಸಿ, ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು, ಬಾವಿ ಪಕ್ಕದ ದಾರೀಲಿ ಬರ್ತಿದ್ದ. ಹನ್ನೊಂದು ದಾಟಿತ್ತು. ಬಾವಿ ಹತ್ರ ಬಂದಾಗ ಹೊಲದ ಕಡೆಯಿಂದ ಒಂದು ಸದ್ದು... ಕರಕ್. ಸ್ವಲ್ಪ ಬಿಟ್ಟು ಮತ್ತೆ... ಕರಕ್. ಹುಲ್ಲು ಕೊಯ್ಯೋ ಸದ್ದು. ಹಸು ಮೇಯ್ತಿರಬೇಕು ಅಂದುಕೊಂಡ. ಹಸು ಆದರೆ ಬುಸ್ ಅಂತ ಉಸಿರು ಬಿಡುತ್ತೆ. ಅಲ್ಲಿ ಉಸಿರೇ ಇರಲಿಲ್ಲ.

ತಡೀರಿ, ಆ ಹೊಲದ ವಿಷಯ ಮೊದಲು ಹೇಳ್ತೀನಿ.

ಅದು ನಮ್ಮ ಮನೆ ಹಿಂದಿನ ಹೊಲ. ಸುತ್ತಲೂ ಮನೆಗಳು ಏಳ್ತಾ ಇದ್ವಲ್ಲ, ಹೊಲ ಹೇಗೆ ಬದಲಾಗುತ್ತೆ ಅಂತ ಹಿಡಿದಿಡಬೇಕು ಅನ್ನೋ ಹುಚ್ಚು ಇವನಿಗೆ. ಮೂರು ವರ್ಷ, ಪ್ರತಿ ಭಾನುವಾರ, ಅದೇ ಬಾವಿಕಟ್ಟೆ ಮೇಲೆ ನಿಂತು ಒಂದು ಫೋಟೋ. ಆ ಹೊಲ ಗೇಣಿಗೆ ಮಾಡ್ತಿದ್ದೋಳು ಪಕ್ಕದ ಮನೆ ಸೊಪ್ಪಿನತ್ತೆ. ಸೊಪ್ಪು ಬೆಳೀತಿದ್ದಳು, ಅದಕ್ಕೇ ಆ ಹೆಸರು. ಯಾವಾಗ ನೋಡಿದರೂ ಹೊಲದಲ್ಲೇ ಬಗ್ಗಿರೋಳು. ಇವನಿಗೋ ಬರೀ ಹೊಲ ಬೇಕು, ಜನ ಬೇಡ. ಸ್ವಲ್ಪ ಆಚೆ ಸರಿ ಅತ್ತೆ, ಫೋಟೋದಲ್ಲಿ ಬರ್ತೀಯ ಅನ್ನೋನು. ಪಾಪ, ಕುಡುಗೋಲು ಹಿಡ್ಕೊಂಡು ಸರಿದು ನಿಂತು ಕೇಳೋಳು, "ಇಷ್ಟು ಸಾಕಾ ಮಗಾ? ಇನ್ನೂ ಸರೀಲಾ?"

ಆಮೇಲೆ ಹೊಲದ ಯಜಮಾನನಿಗೆ ಸೈಟು ಮಾಡೋ ಆಸೆ ಹುಟ್ಟಿತು. ಈ ಹೆಂಗಸು ಇಲ್ಲಿ ಕಾಲೇ ಇಟ್ಟಿಲ್ಲ, ಎಲ್ಲ ನನ್ನ ಆಳುಗಳೇ ಮಾಡಿದ್ದು ಅಂದುಬಿಟ್ಟ. ಅತ್ತೆ ಹತ್ರ ಒಂದು ಕಾಗದ ಇಲ್ಲ. ಆದರೂ ಧೈರ್ಯವಾಗಿ ತಾಲೂಕು ಕಚೇರಿಗೆ ಬಂದಳು. ನಮ್ಮ ಹುಡುಗ ವಾರ ವಾರ ಫೋಟೋ ತೆಗೆದಿದಾನೆ, ಅದನ್ನೇ ನೋಡಿ ಅಂದಳು.

ನೂರೈವತ್ತು ಫೋಟೋ. ಸಾಹೇಬರು ಮೇಜಿನ ತುಂಬ ಹರಡಿದರು. ಒಂದರಲ್ಲೂ ಅವಳಿಲ್ಲ. ಏನಪ್ಪಾ, ಇವರು ಅಲ್ಲಿ ಇರ್ತಿದ್ದರಾ ಅಂತ ಇವನನ್ನೇ ಕೇಳಿದರು. ಪಕ್ಕದಲ್ಲಿ ಯಜಮಾನ ಕೂತಿದ್ದ. ಅವನ ಮಗಳ ಮದುವೆ ಫೋಟೋ ಕೆಲಸ ಇವನಿಗೇ ಸಿಕ್ಕಿತ್ತು.

"ಫೋಟೋದಲ್ಲಿ ಕಾಣೋದಷ್ಟೇ ಸಾರ್," ಅಂದ.

ನಾನೇ ಸರಿಸ್ತಿದ್ದೆ ಅಂತ ಒಂದು ಮಾತು... ಆಡಲಿಲ್ಲ. ಅವನನ್ನ ಯಾಕೆ ಬೈಲಿ, ಆಲ್ಬಮ್ ಹೊತ್ತುಕೊಂಡು ಹೋದೋಳು ನಾನೇ. ನನ್ನ ನಾಲಿಗೆಗೇನು ಬಂದಿತ್ತು ರೋಗ? ಅತ್ತೆ ಬೈಲಿಲ್ಲ, ಅಳಲಿಲ್ಲ. ನಮ್ಮಿಬ್ಬರನ್ನೂ ಒಂದು ಸಲ ನೋಡಿ ಎದ್ದು ಹೋದಳು. ಹೊಲ ಹೋಯ್ತು. ಆರು ತಿಂಗಳಿಗೆ ಅವಳೂ ತೀರಿಹೋದಳು. ಈಗಲೂ ನೆನೆಸಿಕೊಂಡರೆ ಮುಖ ಎಲ್ಲಿಡಲಿ ಅನಿಸುತ್ತೆ.

ಆ ರಾತ್ರಿ ಇವನು ಬರ್ತಿದ್ದಿದ್ದು ಆ ಯಜಮಾನನ ಮಗಳ ಮದುವೆಯಿಂದಲೇ.

ಕರಕ್... ಕರಕ್... ಸದ್ದು ನಿಂತಿತು. ಕತ್ತಲಲ್ಲಿ, ಮೆಲ್ಲಗೆ...

"ಇಷ್ಟು ಸಾಕಾ ಮಗಾ?"

ಇವನು ಹೇಗೋ ಬಾಯಿ ಬಿಟ್ಟ.

"ಬೇಡ ಅತ್ತೆ... ಮಧ್ಯಕ್ಕೆ ಬಾ."

ಕರಕ್... ಅಂತ ಮತ್ತೆ ಶುರುವಾಯ್ತು. ಆದರೆ ಈ ಸಲ ಇನ್ನೂ ದೂರದಲ್ಲಿ.

ಬೆಳಕು ಹರೀತಿದ್ದ ಹಾಗೇ ನನ್ನ ಬಾಗಿಲು ಬಡಿದ, ಕೈ ಹಿಡಿದು ಕರ್ಕೊಂಡು ಹೋದ. ಸೈಟಿನ ಕಲ್ಲುಗಳ ನಡುವೆ ಆಳೆತ್ತರ ಹುಲ್ಲು ಬೆಳೆದಿತ್ತಲ್ಲ, ನಿಮಗೂ ಗೊತ್ತು. ನನ್ನನ್ನ ಬಾವಿಕಟ್ಟೆ ಹತ್ತಿಸಿ, ಕ್ಯಾಮೆರಾ ಕೈಗೆ ಕೊಟ್ಟು, ಇದರಲ್ಲಿ ನೋಡಕ್ಕ ಅಂದ. ನೋಡಿದೆ. ಬರೀ ಹುಲ್ಲು, ಅಲ್ಲಾಡದೆ ನಿಂತಿತ್ತು.

ಕ್ಯಾಮೆರಾ ಇಳಿಸಿದೆ. ಎಡಕ್ಕೂ ಬಲಕ್ಕೂ, ಹೊಲದ ಕೊನೇವರೆಗೂ, ಹುಲ್ಲು ನುಣ್ಣಗೆ ಕೊಯ್ದಾಗಿತ್ತು. ಫೋಟೋದಲ್ಲಿ ಎಷ್ಟು ಬೀಳುತ್ತೋ ಅಷ್ಟು ಜಾಗ ಮಾತ್ರ ಬಿಟ್ಟು.

ಸುಳ್ಳಲ್ಲ. ನಾನೇ ಇಳಿದು ಹೋಗಿ ಮುಟ್ಟಿ ನೋಡಿದೀನಿ. ಕೊಯ್ದ ಬುಡ ಇನ್ನೂ ಹಸಿಯಾಗಿತ್ತು.