ಒಳಗಿನ ಸೀರೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಂದು ಬೆಳಿಗ್ಗೆ, ಆಚೆ ದಡದಿಂದ ಬರಬೇಕಾಗಿದ್ದ ಅಣ್ಣನಿಗಾಗಿ ಹೊನ್ನಾವರದ ದೋಣಿ ಧಕ್ಕೆಯಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಅವಳ ಮಗಳು ಮತ್ತು ಆ ಹುಡುಗಿಯ ಚಿಕ್ಕಮ್ಮ ಕೂತಿದ್ದರು. ಮಂಕಿಯ ನೆಂಟರ ಮನೆಗೆ ಹುಡುಗಿ ತೋರಿಸಲು ಹೊರಟವರೆಂದು ಮಾತಿನಿಂದ ತಿಳಿಯಿತು.

ತಾಯಿ ಬಾಳೆಲೆಯ ಪೊಟ್ಟಣ ಬಿಚ್ಚಿದಳು.

"ನಾಗವೇಣಿ, ಒಂದು ಕಡುಬಾದ್ರೂ ತಿನ್ನು."

"ಬ್ಯಾಡ."

"ನಿನ್ನೆನೂ ಉಣ್ಲಿಲ್ಲ. ಎಂತ ಆತು ನಿಂಗೆ?"

"ಕುಮಟೆಯವರು ಹುಡುಗಿ ದಪ್ಪ ಅಂದ್ರಲ್ಲ, ಅವತ್ತಿಂದ ಹಿಂಗೇ," ಎಂದಳು ಚಿಕ್ಕಮ್ಮ.

ತಾಯಿ ಅವಳತ್ತ ತಿರುಗಿದಳು. "ಹಳದೀಪುರದವರು ಕಡ್ಡಿ ಅಂದ್ರು ಅಂತ ಕುಮಟೆಯವರು ಬಂದಾಗ ನೀನೇ ಅಲ್ವಾ ಒಳಗೆ ಇನ್ನೊಂದು ಸೀರೆ ಉಡ್ಸಿದ್ದು?"

"ಎಲ್ಲಾರೂ ಉಡ್ಸ್ತಾರೆ."

"ಕುಮಟೆಯವರಿಗೆ ಹೇಳ್ಬೇಕಿತ್ತು."

"ಎಂತ ಅಂತ ಹೇಳೂದು? ದಪ್ಪ ಇರೂದು ಹುಡುಗಿ ಅಲ್ಲ, ಸೀರೆ ಅಂತವಾ?"

ತಾಯಿ ಪೊಟ್ಟಣವನ್ನು ಮತ್ತೆ ಮಡಚಿದಳು.

"ಇವತ್ತು ಮಂಕಿಗೆ ಹೋದ್ಮೇಲೆ ಎಷ್ಟು ಸೀರೆ ಉಡ್ಸೂದು?" ಚಿಕ್ಕಮ್ಮ ಕೇಳಿದಳು.

"ಅವರಿಗೆ ಎಂಥವಳು ಬೇಕೋ ಎಂತದೋ. ತಿನ್ನು ಅನ್ಬೇಕೋ ಬ್ಯಾಡ ಅನ್ಬೇಕೋ, ನಂಗೇ ತಿಳೂದಿಲ್ಲ."

ದೋಣಿ ಬಂತು. ಅಣ್ಣ ಅದರಲ್ಲಿ ಇರಲಿಲ್ಲ. ಮಗಳು ಎದ್ದವಳು ಕಣ್ಣು ಕತ್ತಲೆ ಬಂದು ತಾಯಿಯ ಭುಜ ಹಿಡಿದಳು. ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು.

ಅವಳು ದೋಣಿಯತ್ತ ಇಳಿಯುತ್ತ ಸಣ್ಣ ದನಿಯಲ್ಲಿ ಕೇಳಿದಳು:

"ಅಮ್ಮ, ಈಗ ನಾ ಉಟ್ಟದ್ದು ಒಂದೇ ಸೀರೆ. ಆದ್ರೂ ಕನ್ನಡಿಯಲ್ಲಿ ಎಂತಕ್ಕೆ ಅಷ್ಟೇ ದಪ್ಪ ಕಾಣ್ತೇನೆ?"

ಅವರು ಹತ್ತಿದೊಡನೆ ಅಂಬಿಗ ಹುಟ್ಟು ಹಾಕಿದ. ತಾಯಿ ಏನು ಹೇಳಿದಳೋ, ನನಗೆ ಕೇಳಿಸಲಿಲ್ಲ.