ಬಸುರಿಯ ಹೆಸರಿನ ನೀರು

ಮಕ್ಕಳು ಮಲಗಿದವೇನು? ಹಾಗಾದರೆ ಹೇಳುತ್ತೇನೆ. ಇದು ಉಗರಗೋಳದಲ್ಲಿ, ನನ್ನ ತಂಗಿ ರಾಯವ್ವನ ಮನೆಯಲ್ಲಿ ನಡೆದದ್ದು. ಅವಳನ್ನೂ ಅವಳ ಮಗ ಕಲ್ಮೇಶನನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದೇನೆ. ಕೇಳಿದ ದಿನವೇ ಬರೆದಿಟ್ಟಿದ್ದೇನೆ. ಇಬ್ಬರ ಮಾತಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹೋದ ವರ್ಷದ ಬೇಸಿಗೆ. ಕಲ್ಮೇಶ ರಾತ್ರಿ ತಡವಾಗಿ ನಡೆದುಕೊಂಡು ಮನೆಗೆ ಬರುತ್ತಿದ್ದ. ಕೈಯಲ್ಲಿ ಖಾಲಿ ಕ್ಯಾನು. ಊರ ಹೊರಗಿನ ಒಳದಾರಿಯಲ್ಲಿ ಒಂದು ಕಡಿದಾದ ಏರು ಇದೆ. ಕಾರು ಅಲ್ಲಿ ನಿಂತುಬಿಟ್ಟಿತ್ತು... ಮತ್ತೆ ಅಲ್ಲೇ.

ಆ ಏರಿನ ವಿಷಯ ಮೊದಲು ಹೇಳಬೇಕು. ಅದರ ಹಿಂದಿನ ವರ್ಷ ಅವನ ಹೆಂಡತಿ ಭಾಗೀರಥಿಗೆ ಬೇನೆ ಹತ್ತಿದಾಗ ಧಾರವಾಡದ ದವಾಖಾನೆಗೆ ಹೊರಟಿದ್ದರು. ದೇವಿಯ ಗುಡ್ಡಕ್ಕೆ ಬಂದ ಭಕ್ತರ ಗಾಡಿಗಳ ಸಾಲಿನಲ್ಲಿ ತೆವಳಿ ತೆವಳಿ ಕಾರು ಕಾದು ಬಿಸಿಯಾಯಿತು. ಒಳದಾರಿ ಹಿಡಿದರೆ ಏರು ಹತ್ತಲೇ ಇಲ್ಲ. ತಡವಾಗಿ ತಲುಪಿದರು. ಕೂಸು ಅಳಲಿಲ್ಲ. ಈಗ ಭಾಗೀರಥಿಗೆ ಮತ್ತೆ ದಿನ ತುಂಬುತ್ತಿದ್ದವು. ಈ ಸಲವೂ ತಡವಾದರೆ ತಾಯಿಯೂ ಉಳಿಯಲಾರಳು ಎಂದು ಡಾಕ್ಟರು ಹೇಳಿದ್ದರು. ಮುಂದಿನ ಸೋಮವಾರ ಹೋಗಿ ಸೇರಿಸುವುದೆಂದು ಗೊತ್ತಾಗಿತ್ತು.

ಕಲ್ಮೇಶನಿಗೆ ಆ ಕಾರಿನದೇ ಹುಚ್ಚು ಹಿಡಿದಿತ್ತು. ಟರ್ಬೊ ಎಂಬ ಯಂತ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತಳ್ಳುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಬಲವಿಲ್ಲ. ಅದನ್ನು ತಣಿಸಲು ಬಂಪರಿನ ಹಿಂದೆ ರೇಡಿಯೇಟರಿನಂಥದೇ ಒಂದು ಜಾಲರಿ ಇರುತ್ತದೆ, ಇಂಟರ್‌ಕೂಲರ್ ಅಂತ. ಅಂಗಳದಲ್ಲೇ ಬಂಪರು ಬಿಚ್ಚಿದ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಗಾಳಿ ನೇರ ಜಾಲರಿಗೇ ಬೀಳುವಂತೆ ದಾರಿ ಮಾಡಿದ. ಸಂದುಗಳಿಗೆ ಸ್ಪಂಜು ತುರುಕಿದ. ಅದೂ ಸಾಲದೆ ನೀರು ತುಂಬುವ ಒಂದು ಟಾಕಿ, ಗಾಜು ತೊಳೆಯುವ ಸಣ್ಣ ಮೋಟಾರು, ಬೆಳೆಗೆ ಔಷಧ ಹೊಡೆಯುವ ಪಂಪಿನ ನಾಝಲ್... ಗುಂಡಿ ಒತ್ತಿದರೆ ಜಾಲರಿಯ ಮೇಲೆ ಮಂಜಿನಂತೆ ನೀರು. ಚುಸ್ಸ್...

"ಏನೋ, ಗಾಡಿಗಿ ಜಳಕಾ ಮಾಡಸ್ತೀಯೇನ?" ಎಂದು ನಾನೇ ನಕ್ಕಿದ್ದೆ.

"ನಗಬ್ಯಾಡ್ರಿ ದೊಡ್ಡವ್ವ," ಎಂದ, ತಲೆ ಎತ್ತದೆ. "ಈ ಸಲ ಇದು ನಿಲ್ಲಬಾರ್ದು."

ಆದರೆ ಅವರ ಬೋರಿನ ನೀರು ಸವಳು. ಉಪ್ಪು ಕಟ್ಟಿ ನಾಝಲ್ ಮುಚ್ಚಿಹೋಯಿತು. ಆ ರಾತ್ರಿ ಏರು ಹತ್ತಿಸಿ ನೋಡಲು ಹೋದಾಗ ಕಾರು ನಿಂತದ್ದು ಅದಕ್ಕೇ.

ಮನೆಯ ದಾರಿಯಲ್ಲಿ ಆಲದ ಮರ. ಅದರ ಬುಡಕ್ಕೆ ಹಳೆಯ ಬಾವಿ. ಸೀನೀರಿನ ಬಾವಿ... ಆದರೆ ಒಳಗೆ ಏನೋ ಇದೆ ಎಂಬ ಭಯಕ್ಕೆ ಯಾರೂ ಸೇದುವುದಿಲ್ಲ. ರಾಟೆಗೆ ಹಗ್ಗವಿಲ್ಲದೆ ಎಷ್ಟೋ ವರ್ಷವಾಯಿತು. ಸೀನೀರಾದರೆ ನಾಝಲ್ ಮುಚ್ಚುವುದಿಲ್ಲವಲ್ಲ ಎಂದುಕೊಂಡು ಕಲ್ಮೇಶ ಅಲ್ಲಿ ನಿಂತ.

ಕಿರ್ರ್... ಕಿರ್ರ್... ರಾಟೆ ತಿರುಗಿತು.

ಆಮೇಲೆ ಪಿಸುದನಿ. ಹೆಣ್ಣಿನದು. ಕಟ್ಟೆಯ ಆಚೆಯಿಂದ.

"ಯಾರಿಗಿ ಬೇಕಾಗಿತ್ರಿ ನೀರು?"

ನಮ್ಮ ಕಡೆ ಬಸುರಿಗೆ ನೀರು ಎಂದು ಕೇಳಿದರೆ, ಎಂಥ ಜಗಳವಿದ್ದರೂ ಇಲ್ಲ ಎನ್ನುವುದಿಲ್ಲ. ಆದರೆ ಅವಳ ಹೆಸರಿನಲ್ಲಿ ತಂದ ನೀರನ್ನು ಅವಳೇ ಕುಡಿಯಬೇಕು. ಒಂದು ಗುಟುಕನ್ನೂ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಕಲ್ಮೇಶನಿಗೆ ಇದು ಗೊತ್ತು. ಆದರೆ ಗಾಡಿಗೆ ಎಂದರೆ ಕೊಡುತ್ತಾರೋ ಇಲ್ಲವೋ...

"ಬಸುರಿಗ್ರಿ," ಎಂದ.

"ಕುಡೀಲಿ."

ಗುಡುಂ... ಕೊಡ ಮುಳುಗಿದ ಸದ್ದು. ಬುಳು ಬುಳು ಬುಳು... ಅವನ ಕೈಯಲ್ಲಿದ್ದ ಕ್ಯಾನು ಭಾರವಾಯಿತು. ಹಿಂತಿರುಗಿ ನೋಡದೆ ಏರಿನ ಕಡೆಗೆ ಓಡಿದ. ಸೂಜಿಯಿಂದ ನಾಝಲ್ ಚುಚ್ಚಿ ಬಿಡಿಸಿ, ನೀರನ್ನೆಲ್ಲ ಟಾಕಿಗೆ ಸುರಿದ. ಅಷ್ಟರಲ್ಲಿ ತಣ್ಣಗಾಗಿದ್ದ ಕಾರು ಗುಂಡಿ ಒತ್ತದೆಯೇ ಮನೆ ಸೇರಿತು.

ಮರುದಿನ ಮಟಮಟ ಮಧ್ಯಾಹ್ನ ಭಾಗೀರಥಿಗೆ ಬೇನೆ ಹತ್ತಿತು. ರಕ್ತ ಹೋಗುತ್ತಿತ್ತು. ಆಂಬುಲೆನ್ಸು ರಾಮದುರ್ಗದ ಕಡೆ ಹೋಗಿದೆ ಎಂದರು. ರಾಯವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಹೆದ್ದಾರಿಯಲ್ಲಿ ಮತ್ತೆ ಅದೇ ಗಾಡಿಗಳ ಸಾಲು. ತೆವಳಿ ತೆವಳಿ ಸಾಕಾಗಿ ಕಲ್ಮೇಶ ಒಳದಾರಿಗೆ ಹೊರಳಿಸಿದ.

ಏರಿನ ಅರ್ಧಕ್ಕೆ ಕಾರಿನ ಬಲ ಕುಸಿಯಿತು.

ಗುಂಡಿ ಒತ್ತಿದ. ಗುಂಯ್... ಮೋಟಾರು ತಿರುಗಿತು. ನೀರು ಚಿಮ್ಮಲಿಲ್ಲ. ಮತ್ತೆ ಒತ್ತಿದ. ಗುಂಯ್... ಕಾರು ನಿಂತಿತು.

ಹಿಂದಿನ ಸೀಟಿನಿಂದ ಬೇರೆ ಸದ್ದು. ಗಟಕ್... ಗಟಕ್...

"ಯವ್ವಾ, ಅಕಿಗಿ ನೀರು ಕುಡಸಾಕ ಹತ್ತೀಯೇನ?"

"ನನ್ನ ಕಡೆ ನೀರು ಎಲ್ಲೈತೋ..." ರಾಯವ್ವ ಸೊಸೆಯ ತುಟಿ ಮುಟ್ಟಿ ನೋಡಿದಳು. "ಬಾಟ್ಲಿ ಮನ್ಯಾಗ ಉಳೀತು. ಇಕಿ... ಇಕಿ ಬರೇ ಬಾಯಿಲೆ ಕುಡ್ಯಾಕ ಹತ್ಯಾಳ."

ಭಾಗೀರಥಿಗೆ ಎಚ್ಚರವಿರಲಿಲ್ಲ. ಗಂಟಲು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು.

ಕಲ್ಮೇಶ ಇಳಿದು ಬಾನೆಟ್ಟು ಎತ್ತಿದ. ಬಿಳಿ ಪ್ಲಾಸ್ಟಿಕ್ಕಿನ ಟಾಕಿ, ಒಳಗಿನ ನೀರು ಹೊರಗೆ ಕಾಣುತ್ತದೆ. ಗಟಕ್... ನೀರು ಒಂದು ಬೆರಳು ಇಳಿಯಿತು. ಗಟಕ್... ಇನ್ನೊಂದು ಬೆರಳು. ನಾಝಲ್ಲಿಗೆ ಹೋಗುವ ಪೈಪು ಮಾತ್ರ ಒಣಗಿತ್ತು.

ಅವನಿಗೆ ತಿಳಿಯಿತು. ಸುಡುವ ಡಾಂಬರಿನ ಮೇಲೆ ಮೊಣಕಾಲೂರಿದ.

"ಸುಳ್ಳ ಹೇಳೀನವ್ವಾ... ನಿನ್ನ ಆಲದ ಬಾವಿ ನೀರು ಗಾಡಿಗಿ ಒಯ್ದಿದ್ದೆ. ಆದ್ರ ಗಾಡಿ ನಿಂತ್ರ ಅಕಿ ಉಳ್ಯಾಂಗಿಲ್ಲ. ಒಂದು ಕೂಸು ಇಲ್ಲೇ ಹೋತು... ಸ್ವಲ್ಪ ಬಿಡವ್ವಾ. ನಿನ್ನ ಕಾಲ ಬೀಳ್ತೇನಿ."

ಮತ್ತೆ ಗಟಕ್...

ಆಗ ರಾಯವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿ ಪಿಸುಗುಟ್ಟಿದಳು. "ಇಬ್ರೂ ಉಳದ್ರ ಗಂಗಿ ಪೂಜಿ ನಿನ್ನ ಬಾವಿಗೇ ಮಾಡ್ತೇವಿ. ಮಂದಿ ಏನರ ಅನ್ಲಿ."

ಹೆತ್ತವಳು ಎದ್ದು ಓಡಾಡುವಂತಾದ ಮೇಲೆ ಮೊದಲ ಸಲ ಬಾವಿಗೆ ಹೋಗಿ ಮಾಡುವ ಪೂಜೆ ಅದು. ಆ ಬಾವಿಗೆ ಯಾರೂ ಮಾಡಿದ್ದನ್ನು ನಾನು ಕೇಳಿಲ್ಲ.

ಸದ್ದು ನಿಂತಿತು.

ಟಾಕಿಯ ತಳದಲ್ಲಿ ಅಂಗೈಯಷ್ಟು ನೀರು. ಅಷ್ಟೇ ಉಳಿದಿತ್ತು. ಕಲ್ಮೇಶ ಒಳಗೆ ಕೂತು ಗುಂಡಿ ಒತ್ತಿದ. ಚುಸ್ಸ್... ಕಾರು ಎಳೆಯಿತು. ಏರು ದಾಟಿತು. ಧಾರವಾಡದ ತನಕ ಬೆರಳು ಗುಂಡಿಯ ಮೇಲೆಯೇ ಇತ್ತು. ಚುಸ್ಸ್... ಚುಸ್ಸ್... ಅಂಗೈಯಷ್ಟು ನೀರು ಮುಗಿಯಲಿಲ್ಲ.

ಕೂಸು ಅತ್ತಿತು. ಹೆಣ್ಣು. ತಾಯಿಯೂ ಉಳಿದಳು.

ಮಾತು ಕೊಟ್ಟಂತೆ ಬಾವಿಕಟ್ಟೆಗೆ ಅರಿಶಿಣ ಹಚ್ಚಿ ಪೂಜೆ ಮಾಡಿದೆವು. ಹಾಡಹಗಲಲ್ಲೇ. ನಾನೂ ಹೋಗಿದ್ದೆ. ಕೂಸನ್ನು ಎತ್ತಿಕೊಂಡವಳು ನಾನೇ. ಬಾವಿಯೊಳಗೆ ಇಣುಕಿ ನೋಡಿದೆ. ನೀರಿತ್ತು, ಮೇಲೆ ಆಲದ ಎಲೆಗಳು ತೇಲುತ್ತಿದ್ದವು. ಬೇರೇನೂ ಇರಲಿಲ್ಲ.

ಅದೇ ವಾರ ಸವದತ್ತಿಯ ಮೆಕ್ಯಾನಿಕ್ಕು ಅಜಿತ ಬಂದು, ತೊಳೆಯಲೆಂದು ಇಂಟರ್‌ಕೂಲರ್ ಬಿಚ್ಚಿ ಹೊರಗೆ ತೆಗೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಅದನ್ನು ತಿರುಗಿಸಿದವನು ಹಾಗೇ ಹಿಡಿದುಕೊಂಡು ನಿಂತ.

"ಅಕ್ಕಾರ... ಇಲ್ಲಿ ಯಾರ ಕೈ ಹೋಗಿತ್ರಿ?"

ಜಾಲರಿಯ ಹಿಂಬದಿ. ಬಂಪರು ಬಿಚ್ಚದೆ ಯಾರ ಕೈಯೂ ಹೋಗದ ಜಾಗ. ಅಲ್ಲಿ ಅರಿಶಿಣದ ಐದು ಬೆರಳ ಗುರುತು. ನಾನು ನನ್ನ ಬೆರಳಿಟ್ಟು ನೋಡಿದೆ. ಅವು ನನ್ನವಕ್ಕಿಂತ ಸಣ್ಣವು. ಭಾಗೀರಥಿಯವಕ್ಕಿಂತಲೂ ಸಣ್ಣವು.

ಯಾರೋ ಹೇಳಿದ್ದಲ್ಲ, ನಾನೇ ಮುಟ್ಟಿದ್ದು. ಅರಿಶಿಣ ಇನ್ನೂ ಹಸಿಯಾಗಿತ್ತು.