ನಲವತ್ತೊಂದನೇ ಅಂತಸ್ತಿನಲ್ಲಿ ಬಿಚ್ಚಿಸಿದ ಬೆಲ್ಟು

ನಾನು ಮಾನವ್ವ ಕೋಂ ಗೋಣೆಪ್ಪ ಕುರಹಟ್ಟಿ, ವಯಸ್ಸು 41 ವರ್ಷ, ಉದ್ಯೋಗ ಕೂಲಿ, ಸಾಕಿನ್ ಶಿರೋಳ, ತಾಲ್ಲೂಕು ನರಗುಂದ. ಯಾರೂ ಹಿಡಿದು ತರದೆ ನಾನೇ ಠಾಣೆಗೆ ನಡೆದು ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ತಮ್ಮ ಪರಶು, ವಯಸ್ಸು 26, ಕಬ್ಬಿಣ ಕಟ್ಟುವ ಕೆಲಸದವನು. ಕೊಣ್ಣೂರಿನ ಗುತ್ತಿಗೆದಾರ ಸಿದ್ದರಾಮೇಶನು ಅವನನ್ನು ಮುಂಬೈಗೆ ಕರೆದುಕೊಂಡು ಹೋಗಿದ್ದನು. ಅಲ್ಲಿ ಬಂದರಿನ ಹಳೆಯ ಗೋದಾಮುಗಳನ್ನು ಕೆಡವಿ, ಸಮುದ್ರದ ದಂಡೆಗೆ 62 ಅಂತಸ್ತಿನ ಕಟ್ಟಡ ಕಟ್ಟುತ್ತಿದ್ದರು.

ದಿನಾಂಕ 11-02-2025 ರಂದು ಮಧ್ಯಾಹ್ನ 1-10 ಗಂಟೆಗೆ ಪರಶು ನನಗೆ ಫೋನ್ ಮಾಡಿದನು. ಕಟ್ಟಡ ನೋಡಲು ದೊಡ್ಡವರು ಬಂದಿದ್ದಾರೆಂದು, ಬೆಲ್ಟು ಸಾಲದ್ದರಿಂದ ಸಿದ್ದರಾಮೇಶನು ಪರಶುನ ಸೇಫ್ಟಿ ಬೆಲ್ಟನ್ನು ಬಿಚ್ಚಿಸಿ ಅವರಲ್ಲೊಬ್ಬರಿಗೆ ಕಟ್ಟಿದ್ದಾನೆಂದು ತಿಳಿಸಿದನು. "ಸಮುದ್ರ ಹಿಂದ ಕಾಣೂ ಹಂಗ ಫೋಟೋ ತಗಸ್ಕೊಳ್ಳಾಕತ್ತಾರ, ಅಕ್ಕಾ" ಎಂದು ನಕ್ಕನು. ಬೆಲ್ಟು ವಾಪಸ್ ಬರುವ ತನಕ ಕೆಳಗೆ ಇಳಿದು ಕೂಡಬೇಕೆಂದು ನಾನು ಹೇಳಿದೆನು. ಸಿದ್ದರಾಮೇಶ ಕೂಡಲು ಬಿಡುತ್ತಿಲ್ಲವೆಂದನು. 1-50 ಗಂಟೆಗೆ ಅವನು 41ನೇ ಅಂತಸ್ತಿನಿಂದ ಬಿದ್ದನು.

ಮೂರನೇ ದಿನ ಶವ ಊರಿಗೆ ಬಂತು. ಸಿದ್ದರಾಮೇಶ ಮಣ್ಣಿಗೆ ಬರಲಿಲ್ಲ. ಪರಶು ಕುಡಿದು ಬಂದು ಬೆಲ್ಟನ್ನು ತಾನೇ ಬಿಚ್ಚಿದನೆಂದು ಅವನು ಮುಂಬೈ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದು, ಸಾವಿನ ಕಾಗದ ಕೈಗೆ ಬಂದ ಮೇಲೆ ನಮಗೆ ಗೊತ್ತಾಯಿತು. ನನ್ನ ತಮ್ಮ ಕೆಮ್ಮಿನ ಔಷಧವನ್ನು ಸಹ ವಾಸನೆ ತಾಳದೆ ಉಗುಳುತ್ತಿದ್ದನು. ಊರಲ್ಲಿ ನನ್ನನ್ನು ಕುಡುಕನ ಅಕ್ಕ ಎಂದು ಗುರುತಿಸತೊಡಗಿದರು.

ಸಿದ್ದರಾಮೇಶನು ನರಗುಂದದಲ್ಲಿ ಕಾಳಿನ ಗೋದಾಮು ಕಟ್ಟಿಸುತ್ತಿರುವುದನ್ನು ತಿಳಿದು, 30-04-2025 ರಿಂದ ನಾನು ಅಲ್ಲಿ ಉಸುಕು ಹೊರುವ ಕೆಲಸಕ್ಕೆ ಸೇರಿದೆನು. ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ. ಅವನು ಯಾವಾಗ ಏಣಿ ಹತ್ತುತ್ತಾನೆ, ಯಾವಾಗ ಇಳಿಯುತ್ತಾನೆ ಎಂದು ಆರು ದಿನ ನೋಡಿದೆನು.

ಇಂದು 06-05-2025 ರಂದು ಬೆಳಿಗ್ಗೆ 11-20 ಗಂಟೆಗೆ ಅವನು ಚಪ್ಪಲಿ ಕೆಳಗೆ ಬಿಟ್ಟು 22 ಅಡಿ ಎತ್ತರದ ಚಾವಣಿಗೆ ಹತ್ತಿದನು. ಅಲ್ಲಿಗೆ ಮೆಟ್ಟಿಲು ಇಲ್ಲ. ಅವನ ಫೋನು ಕೆಳಗೆ ಚಾರ್ಜಿಗೆ ಇತ್ತು. ನಾನು ಏಣಿಯನ್ನು ಎಳೆದು ನೆಲಕ್ಕೆ ಕೆಡವಿ ಅದರ ಮೇಲೆ ಕುಳಿತೆನು. ನೀನು ಯಾರೆಂದು ಕೇಳಿದನು.

"ಪರಶುನ ಅಕ್ಕ ಅದೀನಿ. ನನ್ನ ತಮ್ಮ ಹ್ಯಾಂಗ ಸತ್ತ, ಎಲ್ಲಾರಿಗೂ ಕೇಳೂ ಹಂಗ ಹೇಳು" ಎಂದೆನು.

ಅಲ್ಲಿದ್ದ ನಾಲ್ವರು ಕೆಲಸಗಾರರಲ್ಲಿ ಒಬ್ಬರೂ ಏಣಿ ಮುಟ್ಟಲು ಬರಲಿಲ್ಲ. ಸಿದ್ದರಾಮೇಶನು ಮೊದಲು ಬೈದನು. ಆಮೇಲೆ ನೀರು ಕೇಳಿದನು. ಕೊಡ ನನ್ನ ಪಕ್ಕದಲ್ಲೇ ಇತ್ತು. ನಾನು ಕುಡಿದೆನು. 12-30ಕ್ಕೆ, ಸುಮಾರು ಮೂವತ್ತು ಜನ ಸೇರಿದ್ದಾಗ, ಪರಶು ಕುಡಿದಿರಲಿಲ್ಲ, ಬೆಲ್ಟು ಬಿಚ್ಚಿಸಿದ್ದು ತಾನೇ ಎಂದು ಅವನು ಕೂಗಿ ಹೇಳಿದನು. ನನ್ನ ಜೊತೆಯ ಕೂಲಿ ಆಸಿಫಾ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿದಳು.

"ಹೇಳೀನಲ್ಲ, ಇನ್ನರ ಏಣಿ ಹಚ್ಚ ಯವ್ವಾ" ಎಂದನು. ಆಸಿಫಾ ಸಹ "ಸಾಕ ಮಾಡ, ಮಾನಕ್ಕಾ" ಎಂದು ನನ್ನ ತೋಳು ಹಿಡಿದಳು. ನಾನು ಏಳಲಿಲ್ಲ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಅವನು ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದನು. ಅದನ್ನು ನೋಡುತ್ತಾ ಕುಳಿತೆನು. 12-45ಕ್ಕೆ ಅವನು ಉಸುಕಿನ ಗುಡ್ಡೆಗೆ ಹಾರಿದನು. ಎರಡು ಅಡಿ ತಪ್ಪಿ ಕಲ್ಲಿನ ಮೇಲೆ ಬಿದ್ದು ಬಲಗಾಲು ಮುರಿಯಿತು. ಮೂಳೆಯ ಸಪ್ಪಳ ನನಗೆ ಕೇಳಿಸಿತು.

"ಬಾಯಿ ಮೂಸಿ ನೋಡ್ರಿ, ಕುಡದಾನೇನ?" ಎಂದು ಸೇರಿದ್ದ ಜನರನ್ನು ಕೇಳಿದೆನು. ಅವರು ಅವನನ್ನು ಎತ್ತಿ ದವಾಖಾನೆಗೆ ಒಯ್ದರು, ನಾನೂ ಆಸಿಫಾಳೂ ಹಿಂದೆ ಹೋದೆವು.

2-15 ಗಂಟೆಗೆ ದವಾಖಾನೆಯ ಬಾಗಿಲಲ್ಲಿ ಅವನ ಹೆಂಡತಿ ಉಮಾಶ್ರೀ ನನ್ನನ್ನು ತಡೆದರು. ಏಣಿ ತಾನಾಗಿಯೇ ಜಾರಿತೆಂದು ಗಂಡ ಹೇಳುವನೆಂದು, ನಾನೂ ಹಾಗೆಯೇ ಹೇಳಿ ವಿಡಿಯೋ ಅಳಿಸಿ ಹಾಕಿಸಿದರೆ ನನ್ನ ಮೇಲೆ ಕೇಸು ಆಗದೆಂದು ತಿಳಿಸಿದರು. "ಮಕ್ಕಳ ತಾಯಿ ಅದಿ, ಸುಮ್ನ ಜೈಲಿಗೆ ಹೋಗ್ತಿ" ಎಂದರು. "ಹೋಗ್ತೀನ್ರಿ. ಆದ್ರ ನಿಮ್ಮ ಗಂಡ ಇನ್ನೊಮ್ಮೆ ಸುಳ್ಳ ಬರಸೂದು ಬ್ಯಾಡ" ಎಂದು ಹೇಳಿ, ಅಲ್ಲಿಂದ ಸುಮಾರು 600 ಮೀಟರ್ ನಡೆದು ಇಲ್ಲಿಗೆ ಬಂದೆನು. ಆಸಿಫಾ ತನ್ನ ಫೋನನ್ನು ಹಾಜರುಪಡಿಸಿದ್ದಾಳೆ.

ನನ್ನ ತಮ್ಮನ ಸಾವಿನ ಕಾಗದದಿಂದ ಕುಡಿದಿದ್ದನೆಂಬ ಮಾತನ್ನು ತೆಗೆಸಿ, ಸಿದ್ದರಾಮೇಶನ ಮೇಲೆ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ. ನನ್ನ ಮೇಲೂ ಜರುಗಿಸಿರಿ. ಏಣಿ ಜಾರಿಲ್ಲ, ನಾನು ಎಳೆದಿದ್ದೇನೆ. ಅವನು ಖರೇ ಹೇಳಿದ ಮೇಲೂ ಹಚ್ಚಿಲ್ಲ. ಅವನ ಕಾಲಿನ ಬಗ್ಗೆ ನನಗೆ ದುಃಖವಿಲ್ಲ. ಇದನ್ನು ಓದಿ ಹೇಳಿದ್ದನ್ನು ಕೇಳಿದೆನು. ನಾನು ಹೇಳಿದಂತೆಯೇ ಇದೆ, ಮೆತ್ತಗೆ ಮಾಡಿ ಬರೆದದ್ದು ಒಂದು ಮಾತೂ ಇಲ್ಲ.

ಸ್ಥಳ: ನರಗುಂದ
ದಿನಾಂಕ: 06-05-2025, ಮಧ್ಯಾಹ್ನ 3-40 ಗಂಟೆ
ಸಹಿ/- ಮಾನವ್ವ ಕುರಹಟ್ಟಿ